ಸತ್ತ ಮರಿ ಹೊತ್ತ ನೀರುನಾಯಿ

ಜಪಾನಿನ ಹೊಕ್ಕೈಡೊದ ಕಡಲಂಚಿನಲ್ಲಿ ಕೂತು ಕಡಲ ನೀರುನಾಯಿಗಳನ್ನು ಎಣಿಸುವುದು ಅವತ್ತಿನ ನನ್ನ ಕೆಲಸ. ಅಂಗಾತ ತೇಲುತ್ತಿದ್ದ ತಾಯಿಯೊಂದು ಎದೆ ಮೇಲಿನ ಮರಿಯ ಮೈ ನೆಕ್ಕುತ್ತಿತ್ತು.

"ಎರಡು," ಎಂದೆ, ಪಕ್ಕ ಬಂದು ನಿಂತ ಮುದಿ ಮೀನುಗಾರ ಸಾತೋ ಸಾನ್‌ಗೆ.

ಅವರು ನನ್ನ ದುರ್ಬೀನಿನಲ್ಲಿ ನೋಡಿ, "ಒಂದೇ. ಮರಿ ಮೊನ್ನೆಯೇ ಸತ್ತಿದೆ," ಎಂದರು. "ಹೋಗಲಿ ಬಿಡಿ. ನಾವು ಹಿಡಿದು ಮಾರಿ ಬದುಕೋ ಉನಿ, ಚಿಪ್ಪುಮೀನನ್ನೆಲ್ಲ ಇವೇ ತಿಂದು ಮುಗಿಸುತ್ತವೆ."

ಅಷ್ಟರಲ್ಲಿ ತಾಯಿ ಮರಿಯನ್ನು ನೀರ ಮೇಲೆ ಬಿಟ್ಟು ಮುಳುಗಿತು. ಕಡಲಹಕ್ಕಿಯೊಂದು ಬಂದು ಮರಿಯ ಕಣ್ಣು ಕುಕ್ಕತೊಡಗಿತು. ಸಾತೋ ಸಾನ್ ಬೈಯುತ್ತ ಕಲ್ಲು ಬೀಸಿದರು. ಒಂದೂ ತಲುಪಲಿಲ್ಲ.

ತಾಯಿ ಮೇಲೆದ್ದಾಗ ಹಕ್ಕಿ ಹಾರಿತು. ತಾಯಿ ಮರಿಯನ್ನು ಎದೆಗೆಳೆದುಕೊಂಡು, ಕಡಲ ತಳದಿಂದ ತಂದಿದ್ದ ಮುಳ್ಳುಚೆಂಡಿನಂಥ ಉನಿಯನ್ನು ಕಚ್ಚಿತು.

"ಅದು ನಮ್ಮದು," ಎಂದರು ಸಾತೋ ಸಾನ್, ಮೂಗೊರೆಸಿಕೊಳ್ಳುತ್ತ.

ಅಲ್ಲಿಯ ಗಾಳಿಗೆ ಯಾರಿಗಾದರೂ ಮೂಗು ಸೋರುತ್ತದೆ. ನನಗೂ ಸೋರುತ್ತಿತ್ತು.