ಚಕ್ರದ ಕೆಳಗಿನ ನಿಂಬೆಹಣ್ಣು

ಕೊಟ್ಟೂರಿನಲ್ಲಿ ನನಗೆ ಹಳೇ ಕಾರು ಕೊಡಿಸಿದ ದಲ್ಲಾಳಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಾಯಿತುಂಬ ಎಲೆಅಡಿಕೆ, ಅಂಗಿ ಜೇಬಿನಲ್ಲಿ ಸದಾ ನಿಂಬೆಹಣ್ಣು. ಏನೇ ಕೇಳಿದರೂ ಕತ್ತು ವಾರೆ ಮಾಡಿ, "ಚಿಂತಿ ಬ್ಯಾಡ್ರಿ, ನಾ ಅದೀನಿ" ಅನ್ನುತ್ತಿದ್ದ.

ಅದು ಡಿಕ್ಕಿ ದೊಡ್ಡದಿದ್ದ ಚಿಕ್ಕ ಕಾರು. ಮಾಡಿದ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಗಿತ್ತು. "ಸ್ಪೇರ್ ಪಾರ್ಟ್ ಎಲ್ಲಿ ಸಿಗ್ತಾವ್ರಿ?" ಎಂದು ನಾನು ಬಾನೆಟ್ ಎತ್ತುವಷ್ಟರಲ್ಲಿ ಆತ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಕಾಯಿ ಒಡೆದೇಬಿಟ್ಟ. ಪೂಜೆಯಾದ ಗಾಡಿಯಲ್ಲಿ ಹುಳುಕು ಹುಡುಕಬಾರದೆಂದು ದುಡ್ಡು ಎಣಿಸಿಕೊಟ್ಟೆ.

ತಿಂಗಳೊಳಗೆ ಕ್ಲಚ್ ಹೋಯಿತು. ಹರಪನಹಳ್ಳಿ, ಹಡಗಲಿ, ಎಲ್ಲಿ ಅಲೆದರೂ ಅದರ ಪಾರ್ಟ್ ಇಲ್ಲ. ಜಗಳ ತೆಗೆಯಲೆಂದೇ ಅವನ ಹತ್ತಿರ ಹೋದರೆ, ಉಜ್ಜಿನಿಯ ಮೇಷ್ಟ್ರೊಬ್ಬರಿಗೆ ಅಂಥದೇ ಕಾರು ತೋರಿಸುತ್ತಿದ್ದ.

"ತಗೋಬ್ಯಾಡ್ರಿ ಸಾರ್, ಇದರದ್ದು ಒಂದು ಬೋಲ್ಟೂ ಸಿಗಂಗಿಲ್ಲ!" ಎಂದು ಕೂಗಿದೆ.

ದಲ್ಲಾಳಿ ಆಗಲೇ ಬಗ್ಗಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ಸಿಟ್ಟಿನಲ್ಲಿ ಅದನ್ನು ಒದ್ದೆ. ಹಣ್ಣು ಚರಂಡಿಗೆ ಬಿತ್ತು.

ಅವನು ಜೇಬಿಗೆ ಕೈ ಹಾಕಿದ. "ಚಿಂತಿ ಬ್ಯಾಡ್ರಿ, ಇನ್ನೊಂದು ಐತಿ."

ಮೇಷ್ಟ್ರು ನನ್ನತ್ತ ತಿರುಗಿದರು. "ಪೂಜಿ ಹಣ್ಣು ಒದೀತೀರಲ್ರಿ, ನಾಚಿಕಿ ಆಗಂಗಿಲ್ಲೇನು?" ಎಂದು ಗದರಿ, ಕಾರು ಹತ್ತಿ ಕೂತರು.