ಮುಚ್ಚುವ ಮೊದಲು ಕೇಳುವ ಕಿಟಕಿ

ಕಾರ್ಖಾನೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರಿಗಾಗಿ ಚೆನ್ನೈಯಲ್ಲಿ ತಂತ್ರಾಂಶ ರೂಪಿಸಿದವರ ಪೈಕಿ, ಕಂಪ್ಯೂಟರ್ ಪರದೆಯ ಮೇಲಿನ ಒಂದು ಕಿಟಕಿ, ಅಂದರೆ ವಿಂಡೋ, ತನ್ನೊಳಗಿನ ಕಿಟಕಿಗಳೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೇ ಜೀವಮಾನದ ಚಿಂತೆಯಾಗಿಸಿಕೊಂಡ ಹಿರಿಯರು ಶ್ರೀ ಮಧ್ವರಾಜ ಅವರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಅಭಿನಂದನೆ ಬರೆಯಲು ಕುಳಿತರೆ ಮನಸ್ಸೇಕೋ ಒಂದೆಡೆ ನಿಲ್ಲುತ್ತಿಲ್ಲ.

ಹೊರಗಿನ ಕಿಟಕಿ ಮುಚ್ಚಿದರೆ ಒಳಗಿನವೂ ಮುಚ್ಚಿಹೋಗುತ್ತವೆ, ಅವುಗಳಲ್ಲಿ ಅರ್ಧ ಬರೆದ ಕೆಲಸವೂ ಹೋಗುತ್ತದೆ. ಆದ್ದರಿಂದ ಹೊರಗಿನದು ಮುಚ್ಚುವ ಮೊದಲು ಒಳಗಿನ ಪ್ರತಿಯೊಂದನ್ನೂ ಕೇಳಬೇಕು, ಒಂದೇ ಒಂದು ‘ತಾಳು’ ಎಂದರೂ ಕಾಯಬೇಕು. ಇದು ಅವರು ತಂದ ನಿಯಮ.

ನಾನು ಮೈಸೂರಿನಿಂದ ಬಂದು ಅವರ ತಂಡ ಸೇರಿದಾಗ ಮಗಳು ರಚನಾ ಇನ್ನೂ ಪುಟ್ಟವಳು. ಪಲ್ಲಾವರದ ಶಿಶುವಿಹಾರದಿಂದ ಸಭೆಯ ನಡುವೆ ಕರೆ ಬಂದರೆ ಕತ್ತರಿಸಿಬಿಡುತ್ತಿದ್ದೆ. “ಮೊದ್ಲು ಫೋನ್ ಎತ್ತಮ್ಮಾ. ಪರವಾಯಿಲ್ಲೆ, ನಾವೇನ್ ಓಡಿಹೋಗಲ್ಲ,” ಎಂದು ಇಡೀ ಸಭೆಯನ್ನೇ ನಿಲ್ಲಿಸಿ ಕೂರುತ್ತಿದ್ದರು. ಇಂಥವರ ಕೈಕೆಳಗೆ ದುಡಿದದ್ದು ನನ್ನ ಪುಣ್ಯ.

ಈಗ ಹೊಸ ಆವೃತ್ತಿ ಬರಲಿದೆ. ಅದರ ಹೊಣೆ ಹೊತ್ತ ಪ್ರಮೋದ್ ಅವರಿಗೆ ಈ ನಿಯಮ ಬೇಡ. ಒಂದು ಸಲ ಒತ್ತಿದರೆ ಎಲ್ಲವೂ ಮುಚ್ಚಬೇಕು. ಸಭೆಯಲ್ಲಿ ಮಧ್ವರಾಜರನ್ನೇ ಕೇಳಿದರು:

“ಇದೇನ್ ಸಾರ್, ಮದುವೆ ಊಟದ ಪಂಕ್ತಿನಾ? ಕೊನೇವ್ರು ಮುಗಿಸೋ ತನಕ ಎಲ್ರೂ ಕೂತಿರೋಕೆ?”

“ಅದೇಪ್ಪಾ. ನೀನಿನ್ನೂ ಹುಳಿ ಕಲಸ್ತಿರೋವಾಗ್ಲೇ ಯಾರಾದ್ರೂ ಎಲೆ ಎತ್ತಿದ್ರೆ ಬಿಡ್ತೀಯಾ?”

ಪ್ರಮೋದ್ ನಕ್ಕರು. ಪ್ರಸ್ತಾಪವನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ತೀರ್ಮಾನ ಮುಂದಿನ ವಾರ. ಆಗ ಮಧ್ವರಾಜರು ಕಚೇರಿಯಲ್ಲಿರುವುದಿಲ್ಲ, ನಿಯಮದ ಪರವಾಗಿ ಮಾತಾಡಬೇಕಾದವಳು ನಾನೊಬ್ಬಳೇ. ಹೆದರಿ ಅವರನ್ನೇ ಬೇಡಿಕೊಂಡೆ: “ಇದನ್ನ ತೆಗೀಬಾರದು ಅಂತ ನೀವೇ ಬರೆದು ಸಹಿ ಹಾಕಿಬಿಡಿ ಸಾರ್. ನಿಮ್ಮ ಹೆಸರಿದ್ರೆ ಯಾರೂ ಮುಟ್ಟಲ್ಲ.”

“ಅದಕ್ಕೇ ಹಾಕಲ್ಲಮ್ಮಾ. ಹೆಸರು ನೋಡಿ ಇಟ್ಕೊಂಡ್ರೆ ಅದು ನಿಯಮ ಅಲ್ಲ, ಮಾಲೆ ಹಾಕಿದ ಫೋಟೋ. ಬೇಕಾದ್ರೆ ನೀನೇ ಜಗಳ ಆಡು.”

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಸಾರು ಕುದಿಸುವಾಗಲೂ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವಾಗಲೂ ಪ್ರಮೋದರ ಪ್ರಶ್ನೆಗಳಿಗೆ ಉತ್ತರ ಕಟ್ಟುತ್ತಿರುತ್ತೇನೆ. ಕಟ್ಟಿದ್ದು ಸಾಲದೆಂದು ಮತ್ತೆ ಬಿಚ್ಚುತ್ತೇನೆ. ಆದರೂ ಜಗಳ ಆಡುವುದೆಂದು ನಿಶ್ಚಯಿಸಿದ್ದೇನೆ, ಅವರ ಹೆಸರನ್ನು ಒಮ್ಮೆಯೂ ಎತ್ತದೆ. ಗೆದ್ದೆನೋ ಸೋತೆನೋ ಅವರಿಗೆ ಫೋನ್ ಮಾಡಿ ಹೇಳುವುದಿಲ್ಲ. ಹೊಸ ಆವೃತ್ತಿ ಬಂದ ದಿನ ಅವರೇ ಮನೆಯಲ್ಲಿ ಅದನ್ನು ತೆರೆದು, ಏನನ್ನೋ ಅರ್ಧ ಬರೆದು, ಮುಚ್ಚಿ ನೋಡಲಿ. ಆ ದಿನಕ್ಕೂ, ಅದರಾಚೆಯ ಎಷ್ಟೋ ಆವೃತ್ತಿಗಳಿಗೂ ಅವರ ಕಣ್ಣು ಚುರುಕಾಗಿ, ಬೆರಳು ಗಟ್ಟಿಯಾಗಿ, ತಪ್ಪು ಹುಡುಕುವ ಹಟ ಕಿಂಚಿತ್ತೂ ಕುಂದದೆ ಇರಲೆಂದು ಹಾರೈಸುತ್ತೇನೆ.