ನಾನು ತಿದ್ದಿದ ಸೋಮವಾರದ ಕಂತು

ನಾನು ಸುಳ್ಳು ಹೇಳಿದೆ. ಒಂದು ಧಾರಾವಾಹಿಯ ಕಥೆಯ ಬಗ್ಗೆ ಹೇಳಿದ ಸುಳ್ಳು, ಅಷ್ಟೇ — ನಿಮಗೆ ನಗು ಬರಬಹುದು, ನಗಿ, ನಾನೂ ನಾಲ್ಕು ದಿನ ಒಳಗೊಳಗೇ ನಕ್ಕಿದ್ದೆ. ಆದರೆ ಆ ಸುಳ್ಳನ್ನು ನಂಬಿ ನರಗುಂದದ ಒಬ್ಬ ಹೆಂಗಸು ತನ್ನ ಒಡಹುಟ್ಟಿದ ತಂಗಿಯ ಮನೆಗೆ ಹೋಗಲಿಲ್ಲ. ಇದಾಗಿ ಐದು ವರ್ಷವಾಯಿತು. ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಜಕ್ಕಲಿಯವನು. ಆಗ ನರಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಂಟಿ ಜೀವ, ಸಂಜೆಯ ಊಟ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ. ಕಲಿಸುವುದು ವಿಜ್ಞಾನವಾದರೂ ಹುಚ್ಚು ಮಾತ್ರ ಕಥೆಯದು. ಸಿನಿಮಾ, ಧಾರಾವಾಹಿ, ಚಿತ್ರಕಥೆಯ ಪುಸ್ತಕ, ಫೋನಿನ ಆಟ — ಯಾವುದನ್ನೂ ಬಿಟ್ಟವನಲ್ಲ, ನೋಡಿ ಸುಮ್ಮನಿರುವ ಪೈಕಿಯೂ ಅಲ್ಲ. ಇಂಟರ್‌ವಲ್ ಬರುವುದರೊಳಗೆ ವಿಲನ್ನಿಗೆ ಒಂದು ಸರಿಯಾದ ಕಾರಣ ಸಿಗದಿದ್ದರೆ ಎದ್ದು ಬರಬೇಕು ಎನ್ನುತ್ತಿದ್ದೆ. ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವಿನ ಖಾಲಿ ಜಾಗದಲ್ಲೇ ಅರ್ಧ ಕಥೆ ನಡೆಯುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಆಟಗಳ ಮೇಲೆ ವಿಶೇಷ ಪ್ರೀತಿ. ಅಲ್ಲಿ ಮುಂದೇನಾಗಬೇಕೆಂದು ನಮ್ಮನ್ನು ಕೇಳುತ್ತಾರೆ, ನಾವು ಒತ್ತಿದಂತೆ ಕಥೆ ತಿರುಗುತ್ತದೆ. ಧಾರಾವಾಹಿಗಳನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಒಂದು ಕಪಾಳಕ್ಕೆ ಹೊಡೆದರೆ ಮೂರು ಸಲ ಗುಡುಗು, ಮನೆಮಂದಿಯ ಮುಖವೆಲ್ಲ ಒಂದೊಂದಾಗಿ ತೋರಿಸುವುದು. ಏನೋ ಒಂದು ನಡೆದೇಬಿಟ್ಟಿತು ಅನ್ನುವಾಗ ನಾಯಕಿ ಗಾಬರಿಯಿಂದ ಎದ್ದು ಕೂಡುವುದು — ಅಷ್ಟೂ ಕನಸು! ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದುದು ಆ ಕ್ಷಮೆಯ ಮೇಲೆ. ಯಾರು ಏನೇ ಮಾಡಲಿ, ಕಡೆಗೆ ಕ್ಷಮಿಸಿಬಿಡುವುದು. ಹಾಗಿದ್ದರೆ ಇನ್ನೂರು ಕಂತು ಅತ್ತದ್ದು ಯಾಕೆ ಎಂದು ನನ್ನ ವಾದ. ಹಾಗೆ ಬೈಯುತ್ತಲೇ ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಆ ಮಾತು ಬೇರೆ.

ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ನೀಲವ್ವ. ನನಗಿಂತ ಹದಿನೈದು ವರ್ಷ ದೊಡ್ಡವಳು, ನಾನು ಅಕ್ಕಾರ ಎಂದೇ ಕರೆಯುತ್ತಿದ್ದೆ. ಧಾರಾವಾಹಿ ಬರುವ ಹೊತ್ತಿಗೆ ಸರಿಯಾಗಿ ಆಕೆ ಒಲೆಯ ಮುಂದೆ ಇರಬೇಕು. ಮರುದಿನ ಅದನ್ನೇ ಮತ್ತೆ ಹಾಕುವಾಗ ಮಧ್ಯಾಹ್ನದ ಊಟದ ಗದ್ದಲ. ನನ್ನ ಫೋನಿನಲ್ಲಿ ಆ ದಿನದ ಕಂತು ಟೀವಿಗಿಂತ ಮೊದಲೇ ಬರುತ್ತಿತ್ತು. ಹೀಗಾಗಿ ನಾನು ಒಲೆಯ ಹತ್ತಿರದ ಟೇಬಲ್ಲಿಗೇ ಕೂಡುವುದು, ಉಣ್ಣುತ್ತ ಕಥೆ ಹೇಳುವುದು, ಆಕೆ ರೊಟ್ಟಿ ಬಡಿಯುತ್ತ "ಹೂಂ, ಮುಂದ?" ಎನ್ನುವುದು ರೂಢಿಯಾಯಿತು. "ಟೀವ್ಯಾಗ ನೋಡಿದ್ರೂ ಇಷ್ಟ ಚಲೋ ತಿಳಿಯಾಂಗಿಲ್ಲ ಬಿಡ್ರಿ ಸರ" ಎಂದು ಆಕೆ ಹೊಗಳಿದರೆ ನಾನು ಉಬ್ಬಿ ಒಂದು ರೊಟ್ಟಿ ಜಾಸ್ತಿ ತಿನ್ನುತ್ತಿದ್ದೆ.

ಆ ಧಾರಾವಾಹಿಯಲ್ಲಿ ಇಬ್ಬರು ಅಕ್ಕತಂಗಿಯರು. ತಂಗಿ ಹಿಂದೊಮ್ಮೆ ಅಕ್ಕನ ಮಾನ ಕಳೆದು ಹೋದವಳು. ಎಷ್ಟೋ ವರ್ಷದ ಮೇಲೆ ವಾಪಸು ಬಂದು ಅಕ್ಕನ ಬಾಗಿಲು ಬಡಿಯುತ್ತಾಳೆ. ಶುಕ್ರವಾರದ ಕಂತು ಅಲ್ಲಿಗೆ ನಿಂತಿತು. "ಆಕಿ ಬಾಗಲಾ ತಗೀತಾಳೇನ್ರಿ?" ಎಂದು ನೀಲವ್ವ ಶನಿವಾರ ಕೇಳಿದಳು, ಭಾನುವಾರವೂ ಕೇಳಿದಳು. ಸೋಮವಾರ ನನ್ನ ಮುಂದೆ ತಾಟು ಇಡುವ ಮೊದಲೇ ಕೇಳಿದಳು.

ಅಂದಿನ ಕಂತಿನಲ್ಲಿ ಅಕ್ಕ ಬಾಗಿಲು ತೆರೆದಿದ್ದಳು, ತಂಗಿಯನ್ನು ಅಪ್ಪಿಕೊಂಡಿದ್ದಳು. ನನಗೋ ತಡೆಯಲಾರದ ಸಿಟ್ಟು. ಮತ್ತೆ ಅದೇ ರಾಗ! ಅಂಥ ಗಟ್ಟಿ ಹೆಂಗಸನ್ನು ಕಟ್ಟಿ ನಿಲ್ಲಿಸಿ, ಕಡೆಗೆ ಹೀಗೆ ಬಗ್ಗಿಸುವುದೇ? ನಾನು ಬರೆದಿದ್ದರೆ ಹೇಗೆ ಬರೆಯುತ್ತಿದ್ದೆನೋ ಹಾಗೆ ಹೇಳಿಬಿಟ್ಟೆ.

"ತಗೀಲಿಲ್ರಿ ಅಕ್ಕಾರ. ನನಗ ತಂಗೀನ ಇಲ್ಲ ಅಂತ ಒಳಗಿಂದನ ಅಂದ್ಲು. ಚಿಲಕಾ ಹಾಕಿದ್ಲು."

ಆಕೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದ ಮೇಲೆ ತಿರುವಿ ಹಾಕಿದಳು. ನನ್ನ ಕಥೆ ನಾಟಿತು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ — ಹೆಮ್ಮೆಪಟ್ಟೆ.

ಮಂಗಳವಾರ ನಾನು ಕೂಡುವುದರೊಳಗೆ ಆಕೆ ಎದ್ದು ಬಂದಳು. "ಸರ, ಬಾಜೂ ಮನಿ ಹುಡಿಗಿ ಬ್ಯಾರೇನ ಹೇಳ್ತಾಳ. ಬಾಗಲಾ ತಗದ್ಲಂತ, ಇಬ್ಬರೂ ತೆಕ್ಕಿಬಡಕೊಂಡು ಅತ್ತರಂತ. ಖರೇ ಏನ್ರಿ?"

ಅಲ್ಲಿಗೆ ಮುಗಿಸಬಹುದಿತ್ತು. ಸುಮ್ಮನೆ ಚ್ಯಾಷ್ಟಿ ಮಾಡಿದೆ ಎಂದಿದ್ದರೆ ಆಕೆ ನಾಲ್ಕು ಮಾತು ಬೈದು ನಗುತ್ತಿದ್ದಳು. ಆದರೆ ಕಥೆ ಬಲ್ಲವನೆಂಬ ಜಂಬ ಇತ್ತಲ್ಲ — ಸಿಕ್ಕಿಬೀಳುವುದು ಬೇಕಿರಲಿಲ್ಲ.

"ಅದು ಕನಸಿನ ಸೀನ್ ರೀ ಅಕ್ಕಾರ. ತಂಗಿ ಹೊರಗ ಕುಂತಲ್ಲೇ ಕನಸ ಕಂಡಿದ್ದು. ಅರ್ಧಾ ನೋಡಿದವರು ಹಂಗ ಹೇಳ್ತಾರ."

ಆಕೆ ನಂಬಿದಳು. ಯಾಕೆ ನಂಬುವುದಿಲ್ಲ? ಅದೇ ಧಾರಾವಾಹಿಯಲ್ಲಿ ಅದಾಗಲೇ ಎಷ್ಟೋ ಸಲ ಹಾಗೆ ಆಗಿತ್ತು, ಪ್ರತಿ ಸಲವೂ ನಾನೇ ಆಕೆಗೆ ಬಿಡಿಸಿ ಹೇಳಿದ್ದೆ.

"ಹಂಗಾರ ತಗೀಲೇ ಇಲ್ಲ," ಎಂದಳು. ಒಲೆಯ ಕಡೆ ತಿರುಗುತ್ತ, "ಆಕೀನೂ ಎಷ್ಟಂತ ತಡಕೋಬೇಕು" ಎಂದಳು.

ಶುಕ್ರವಾರ ಖಾನಾವಳಿಯ ಒಡತಿ ಗಿರಿಜವ್ವ ನನ್ನ ತಾಟಿಗೆ ಪಲ್ಯ ಬಡಿಸುತ್ತ ದನಿ ತಗ್ಗಿಸಿ ಹೇಳಿದರು. "ನಮ್ಮ ನೀಲವ್ವಗ ಏನಾಗೇತೋ ಏನೋ ನೋಡ್ರಿ ಸರ. ನಿನ್ನಿ ಆಕಿ ತಂಗಿ ಮಗಳದು ಕುಬಸ ಇತ್ತು. ತಂಗಿ ತಾನ ಸೋತು ಫೋನ್ ಮಾಡಿ ಕರದಿದ್ಲು. ಇಕೀನೂ ಹೋಗಾಕ ಅಂತ ಸೂಟಿ ಕೇಳಿದ್ಲು, ಗಜೇಂದ್ರಗಡಕ್ಕ ಹೋಗಿ ಬಸರಿ ಹುಡಿಗಿಗೆ ಅಂತ ಹಸರ ಸೀರಿ ತಂದಿದ್ಲು. ಮಂಗಳವಾರ ಮನಿಗೆ ಹೋಗೂ ಮುಂದ ನನಗ ಸೂಟಿ ಬ್ಯಾಡ್ರಿ ಅಂದ್ಬಿಟ್ಲು."

ಎತ್ತಿದ ತುತ್ತನ್ನು ತಾಟಿಗೇ ಇಟ್ಟೆ. ತಂಗಿ ಕಸ್ತೂರಿಯ ಸುದ್ದಿ ನನಗೆ ಗೊತ್ತಿತ್ತು. ಕೊಣ್ಣೂರಿನ ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಅವ್ವ ತೀರಿಕೊಂಡ ದಿನ ಅವಳು ಬರಲಿಲ್ಲ, ಸೇತುವೆ ನೀರಲ್ಲಿ ಮುಳುಗಿತ್ತು. ಸುತ್ತು ಹಾಕಿಯಾದರೂ ಬರಬೇಕಿತ್ತು ಎಂದು ನೀಲವ್ವನ ಹಟ. ಆರು ವರ್ಷ ಮಾತಿರಲಿಲ್ಲ. ಆ ತಂಗಿಯ ಮಗಳು ನೀಲವ್ವನ ತೊಡೆಯ ಮೇಲೆ ಬೆಳೆದವಳು. ಇದನ್ನೆಲ್ಲ ಆಕೆಯೇ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು. ಕುಬಸದ, ಅಂದರೆ ಸೀಮಂತದ, ಕರೆ ಬಂದದ್ದೊಂದು ನನಗೆ ತಿಳಿದಿರಲಿಲ್ಲ. ಆದರೆ ಒಬ್ಬ ಹೆಂಗಸು ಮೂರು ದಿನ ಒಂದೇ ಪ್ರಶ್ನೆ ಕೇಳಿದರೆ — ಇಲ್ಲ, ಗೊತ್ತಾಗಲಿಲ್ಲ ಎಂದು ಬರೆದು ಪಾರಾಗುವುದು ಬೇಡ. ನನಗೇ ನೋಡುವ ಮನಸ್ಸು ಇರಲಿಲ್ಲ.

ಅಂದೇ ಹೇಳಬಹುದಿತ್ತು. ಕಾರ್ಯ ಮುಗಿದಿದ್ದರೂ ಮರುದಿನ ಮೊದಲ ಬಸ್ಸಿಗೆ ಆಕೆ ಸೀರೆ ಹಿಡಿದು ಹೋಗಬಹುದಿತ್ತು. ನಾನು ಕೈ ತೊಳೆದುಕೊಂಡು ಬಂದೆ. ಆಮೇಲೆ ಎರಡು ವಾರ ಎರಡೆರಡು ಕಥೆ ನಡೆಸಿದೆ: ಫೋನಿನಲ್ಲಿ ತಂಗಿ ಅಕ್ಕನ ಜೊತೆ ಕೂತು ಹಪ್ಪಳ ಲಟ್ಟಿಸುತ್ತಿದ್ದರೆ, ನಾನು ಹೇಳುವ ಕಥೆಯಲ್ಲಿ ಅವಳು ಊರು ಬಿಟ್ಟು ಎತ್ತಲೋ ಹೋಗಿದ್ದಳು. "ತಂಗಿ ಸುದ್ದಿ ಏನರ ಬಂತೇನ್ರಿ?" ಎಂದು ನೀಲವ್ವ ದಿನಾ ಕೇಳುವಳು. ತಡೆಯಲಾರದೆ ಬೇರೆ ಖಾನಾವಳಿ ಹಿಡಿದೆ. ಮರುವರ್ಷ ರೋಣಕ್ಕೆ ವರ್ಗವಾಯಿತು, ಬದುಕಿದೆ ಎಂದುಕೊಂಡೆ. ಒಮ್ಮೆ ರೋಣದ ಸಂತೆಯಲ್ಲಿ ಗಿರಿಜವ್ವ ಸಿಕ್ಕರು. ಕಸ್ತೂರಿ ಮತ್ತೆಂದೂ ಫೋನ್ ಮಾಡಲಿಲ್ಲವಂತೆ. ಮೊಮ್ಮಗ ಹುಟ್ಟಿದ್ದೂ ನೀಲವ್ವನಿಗೆ ಯಾರೋ ಹೊರಗಿನವರಿಂದ ತಿಳಿಯಿತಂತೆ. ನಾನು ಬದನೆಕಾಯಿ ಆರಿಸುತ್ತ "ಹೌದ್ರಿ?" ಎಂದೆ.

ಕಳೆದ ಭಾನುವಾರ ನರಗುಂದಕ್ಕೆ ಹೋದೆ. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ನೀಲವ್ವನ ತಲೆ ಪೂರ್ತಿ ಬೆಳ್ಳಗಾಗಿದೆ. "ಅಯ್ಯ, ಸರ! ಎಷ್ಟ ಸೊರಗೀರಿ" ಎಂದು ನೀರು ತಂದಿಟ್ಟಳು. ಕುಡಿಯಲಿಲ್ಲ. ನಿಂತೇ ಎಲ್ಲ ಹೇಳಿದೆ.

ಆಕೆ ಎದುರಿನ ಬೆಂಚಿನ ಮೇಲೆ ಕುಳಿತಳು.

"ಕನಸಲ್ಲ ಅದು?"

"ಅಲ್ರಿ. ನಾ ಸುಳ್ಳ ಹೇಳಿದ್ನಿ."

"ಖರೇನ ಆಕಿ ಬಾಗಲಾ ತಗದಿದ್ಲು?"

"ತಗದಿದ್ಲ್ರಿ."

ಆಕೆಯ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ಗಟ್ಟಿಯಾಗಿಯೇ ಹೇಳಿದಳು: "ನಿಮಗ ಏನ್ ಅನ್ನೂದೈತಿ, ಅದನ್ನ ಆಮ್ಯಾಲ ಅಂತೀನಿ. ಈಗ ನಾನ ಕಸ್ತೂರಿಗೆ ಫೋನ್ ಹಚ್ಚಬೇಕು. ಕುಬಸಕ್ಕ ಕರದ ಆ ಫೋನ್ ಒಂದ ಬಿಟ್ರ ಹನ್ನೊಂದ ವರ್ಷ ಮಾತಾಡಿಲ್ಲ ಆಕಿ ಕೂಡ, ಬಾಯಿ ಬರವಲ್ದು. ಬಾಗಲಾ ತಗದ ಮ್ಯಾಲೆ ಆ ಅಕ್ಕ ತಂಗಿಗೆ ಮದಲ ಏನಂದ್ಲು? ಅದೊಂದು ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಅಂದು ಅವರಿಬ್ಬರೂ ಅಪ್ಪಿಕೊಂಡದ್ದು ಕಂಡೊಡನೆ, ಇನ್ನು ಇವರ ಗೋಳು ಯಾರು ಕೇಳಬೇಕು ಎಂದು ಬೆರಳಲ್ಲಿ ಎಳೆದು ಆ ದೃಶ್ಯವನ್ನು ಮುಂದಕ್ಕೆ ಓಡಿಸಿಬಿಟ್ಟಿದ್ದೆ. ನೀಲವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಏನೋ ಒಂದು ಕಟ್ಟಿ ಹೇಳಬಹುದಿತ್ತು — ಚಲೋ ಮಾತೇ ಒಂದು ನಾಲಿಗೆಯ ತುದಿಗೆ ಬಂದಿತ್ತು.

"ಅದನ್ನ ನಾ ನೋಡೇ ಇಲ್ರಿ ಅಕ್ಕಾರ" ಎಂದೆ.